ಕದ್ದ ಎಲೆಯ ರೇಟು

ಕದ್ದು ತಂದ ಗಿಡ ಚೆನ್ನಾಗಿ ಬರುತ್ತೆ ಅಂತ ನಮ್ಮ ಕಡೆ ಒಂದು ನಂಬಿಕೆ. ಹಾಗಾಗಿ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆ ಜಗಲಿಯಲ್ಲಿ ಬಿಗೋನಿಯಾ ಕಂಡಾಗ ನಾನು ಕೇಳಲಿಲ್ಲ. ಚಿಕ್ಕಮ್ಮ ಕಾಫಿ ತರಲು ಒಳಗೆ ಹೋಗಿದ್ದೇ ತಡ, ಒಂದು ಎಲೆ ನನ್ನ ವ್ಯಾನಿಟಿ ಬ್ಯಾಗು ಸೇರಿತು.

ಎಂಥಾ ಎಲೆ ಅಂತೀರಿ! ನಡುವೆ ಕಡುಗೆಂಪು, ಸುತ್ತ ಬೆಳ್ಳಿ ಬಳಿದ ಹಾಗೆ, ಅಂಚಿಗೆ ಹಸಿರು. ಒಂದು ಪಕ್ಕ ದೊಡ್ಡದು, ಇನ್ನೊಂದು ಚಿಕ್ಕದು. ಟೈಲರ್ ಅಳತೆ ತಪ್ಪಿ ಕತ್ತರಿಸಿದ ರವಿಕೆಯಂತೆ. ಹೂವೂ ಬಿಡುತ್ತೆ, ಆದರೆ ಈ ಎಲೆ ಮುಂದೆ ಅದನ್ನು ಯಾರು ನೋಡ್ತಾರೆ? ಇದು ರೆಕ್ಸ್ ಬಿಗೋನಿಯಾ, ಮೂಲ ಅಸ್ಸಾಂ ಕಡೆ. 1850ರ ದಶಕದಲ್ಲಿ ಆರ್ಕಿಡ್‌ಗಳ ಜೊತೆ ಟಿಕೆಟ್ ಇಲ್ಲದೆ ಇಂಗ್ಲೆಂಡಿಗೆ ಹೋಗಿ ಅಲ್ಲಿ ಹೆಸರು ಮಾಡಿತಂತೆ. ವಂಶದಲ್ಲೇ ಕಳ್ಳಸಾಗಣೆ ಇದೆ. ನನ್ನದೇನು ತಪ್ಪು, ಅಲ್ವಾ?

ಬೆಂಗಳೂರಿಗೆ ಬಂದವಳೇ ಎಲೆಯ ಬೆನ್ನಿನ ದಪ್ಪ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಗೀರಿ, ಒದ್ದೆ ಮರಳಿನ ಮೇಲೆ ಹಾಸಿದೆ. ಅಲುಗಾಡದಂತೆ ನಾಲ್ಕು ಹೇರ್‌ಪಿನ್ ಚುಚ್ಚಿ, ಪ್ಲಾಸ್ಟಿಕ್ ಕವರ್ ಮುಚ್ಚಿದೆ. ನಮ್ಮನೆಯವರು ಬಗ್ಗಿ ನೋಡಿ, "ಯಾರಿಗೇ ಮಾಟ ಮಾಡಿಸ್ತಿದೀಯ?" ಅಂದರು.

ಮಾಟ ತಿರುಗಿದ್ದು ನನಗೇ. "ಪಾಪ, ಉಸಿರು ಕಟ್ಟಿಸಿ ಇಟ್ಟಿದಾಳೆ" ಅಂತ ನಮ್ಮತ್ತೆ ದಿನಾ ಕವರ್ ಸರಿಸಿ ಒಂದು ಚೊಂಬು ನೀರು ಹುಯ್ಯುತ್ತಿದ್ದರು. ಬಿಗೋನಿಯಾಕ್ಕೆ ತೇವದ ಗಾಳಿ ಬೇಕು, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತೆ. ವಾರದಲ್ಲಿ ಅರ್ಧ ಎಲೆ ಲೋಳೆ ಲೋಳೆ. ಉಳಿದರ್ಧವನ್ನು ಬಚ್ಚಲುಮನೆ ಕಿಟಕಿಯಲ್ಲಿ ಬಚ್ಚಿಟ್ಟೆ. ನಾವು ಸ್ನಾನ ಮಾಡಿದಾಗಲೆಲ್ಲ ಅದಕ್ಕೆ ಹಬೆ. ಒಂದೂವರೆ ತಿಂಗಳಾದ ಮೇಲೆ, ಗೀರಿದ ಜಾಗದಲ್ಲಿ ಹೆಸರುಕಾಳಿನಷ್ಟು ಎಲೆ! ಅವತ್ತು ನಾನು ಬಚ್ಚಲಿನಿಂದ ಹೊರಗೆ ಬಂದಿದ್ದು ಅರ್ಧ ಗಂಟೆ ತಡವಾಗಿ. ಹೊರಗೆ ಆಫೀಸಿಗೆ ಹೊರಟವರ ಕೂಗಾಟ.

ವರ್ಷ ಕಳೆದು ಚಿಕ್ಕಮ್ಮ ಬಂದಳು. ಅಷ್ಟರಲ್ಲಿ ನನ್ನ ಹತ್ತಿರ ಮೂರು ಕುಂಡ.

"ಇದೆಲ್ಲಿ ಸಿಕ್ತೇ?"

"ನರ್ಸರೀಲಿ" ಅಂದುಬಿಟ್ಟೆ.

"ಎಷ್ಟು?"

"250."

"ನನ್ನ ಹತ್ರಾನೂ ಥೇಟ್ ಇಂಥದ್ದೇ ಇತ್ತು. ಈ ಸಲದ ಮಳೆಗೆ ಕೊಳೆತು ಹೋಯ್ತು."

ಚಿಕ್ಕ ಕುಂಡ ಒಂದನ್ನು ಎತ್ತಿ ಅವಳ ಕೈಗಿಟ್ಟೆ. ಬೇಡ ಬೇಡ ಅಂದರೂ ಕೇಳದೆ ಚಿಕ್ಕಮ್ಮ ಪರ್ಸ್ ತೆಗೆದಳು. 100ರ ನೋಟು ಎರಡು, 50ರದ್ದೊಂದು ನನ್ನ ಕೈಯಲ್ಲಿ ತುರುಕಿದಳು.

"ದುಡ್ಡು ಕೊಟ್ಟು ತಂದಿರೋದನ್ನ ಸುಮ್ನೆ ಇಸ್ಕೊಳ್ಳೋಕೆ ನಾನೇನು ಕಳ್ಳಿಯೇನೇ?"