ಮಂಡಿಯೂರಿ ನೋಡುವ ಹೂವು

ಹಿತ್ತಿಲಲ್ಲಿ ನಾನು ಬೋರಲು ಬಿದ್ದಿರುವುದನ್ನು ಕಿಟಕಿಯಿಂದ ಕಂಡ ಹೆಂಡತಿ ಸ್ವೆಟರ್ ಕೂಡ ಹಾಕಿಕೊಳ್ಳದೆ ಓಡಿ ಬಂದಳು.

"ಅಯ್ಯೋ, ಏನಾಯ್ತ್ರೀ? ಜಾರಿ ಬಿದ್ರಾ?"

"ಇಲ್ವೇ. ಹೂವು ನೋಡ್ತಿದ್ದೀನಿ."

ಬಿದ್ದಿದ್ದರೇ ವಾಸಿಯಿತ್ತು ಎನ್ನುವಂತೆ ಒಮ್ಮೆ ನೋಡಿ ಒಳಗೆ ಹೋದಳು.

ತಪ್ಪು ನನ್ನದಲ್ಲ. ಚಳಿನಾಡಿನ ವಸಂತದಲ್ಲಿ ಅರಳುವ ಈ ಕ್ರೋಕಸ್ ಹೂವನ್ನು ನಿಂತು ನೋಡಲು ಬರುವುದಿಲ್ಲ. ದಾಸವಾಳ ತಾನೇ ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಸಂಪಿಗೆ ಕತ್ತೆತ್ತಿಸುತ್ತದೆ. ಇದು ನೆಲದಿಂದ ನಾಲ್ಕು ಬೆರಳು ಮೇಲೆದ್ದರೆ ಹೆಚ್ಚು. ನಿಂತವನಿಗೆ ಕಾಣುವುದು ಯಾರೋ ಚೆಲ್ಲಿಹೋದ ಬಣ್ಣದ ಚೂರು. ಸೊಂಟ ಬಗ್ಗಿಸಿದರೆ ಬಟ್ಟಲು. ಮಂಡಿಯೂರಿದರೆ ಬಟ್ಟಲ ಹೊರಮೈಯ ನೇರಳೆ ಗೆರೆಗಳು. ಕೆನ್ನೆಯನ್ನು ಹುಲ್ಲಿಗೆ ತಾಗಿಸಿದರೆ ಮಾತ್ರ ಬಿಸಿಲು ಎಸಳನ್ನು ತೂರಿ ಬಂದು ಒಳಗೆ ಹಣತೆ ಹಚ್ಚಿಟ್ಟಂತಾಗುತ್ತದೆ. ಅಲ್ಲಿಯವರೆಗೆ ಹೋದವನು ಕಿಟಕಿಯಿಂದ ನೋಡುವವರಿಗೆ ಬಿದ್ದವನಂತೆ ಕಾಣುವುದು ಸಹಜವೇ.

ಇದು ಇಷ್ಟು ಗಿಡ್ಡವಾಗಲು ಕಾರಣ, ಇದಕ್ಕೆ ನೆಲದ ಮೇಲೆ ತೊಟ್ಟೇ ಇಲ್ಲ. ತೊಟ್ಟು ಎಂದು ನಾವು ತಿಳಿಯುವ ಬಿಳಿ ಕಡ್ಡಿಯೂ ಹೂವೇ. ಆರು ಎಸಳುಗಳು ಕೆಳಗೆ ಒಂದಾಗಿ ಕೊಳವೆಯಂತೆ ಮಣ್ಣಿಗೆ ಇಳಿದಿರುತ್ತವೆ. ಅಂಡಾಶಯ ಇರುವುದು ಮಣ್ಣಿನೊಳಗೆ. ಹೊರಗೆ ಹಿಮ ಬೀಳಲಿ, ಗಾಳಿ ಬೀಸಲಿ, ಬಸಿರು ಮಾತ್ರ ಭದ್ರ. ಹೂವು ಬಾಡಿ ವಾರಗಳು ಕಳೆದು, ಬೀಜ ಬಲಿಯುವಾಗ ಕಾಯಿ ಮೆಲ್ಲಗೆ ನೆಲದ ಮೇಲಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ನೋಡುವವರೆಲ್ಲ ಬೇರೆ ಹೂವುಗಳ ಕಡೆ ಹೋಗಿರುತ್ತಾರೆ, ಬೀಜ ಹೊತ್ತೊಯ್ಯಲು ಬರುವ ಇರುವೆಗಳನ್ನು ಬಿಟ್ಟು.

ನೆಡುವ ಕೆಲಸ ಶರತ್ಕಾಲದ್ದು. ಗೋಲಿ ಗಾತ್ರದ ಗೆಡ್ಡೆ, ಅದರ ಮೇಲೆ ಒಣಗಿದ ಕಂದು ಸಿಪ್ಪೆ. ಮೂರ್ನಾಲ್ಕು ಅಂಗುಲ ಆಳ, ಗೆಡ್ಡೆಯಿಂದ ಗೆಡ್ಡೆಗೆ ಎರಡು ಮೂರು ಅಂಗುಲ ದೂರ, ನೀರು ನಿಲ್ಲದ ಮಣ್ಣು: ಇಷ್ಟಾದರೆ ಉಳಿದದ್ದು ಚಳಿಯ ಪಾಲು. ಹತ್ತು ಹನ್ನೆರಡು ವಾರ ಚೆನ್ನಾಗಿ ನಡುಗದೆ ಇದು ಹೂ ಬಿಡುವುದಿಲ್ಲ. ಸಾಲಾಗಿ ನೆಡಬೇಡಿ, ಒಂದು ಹಿಡಿ ಗೆಡ್ಡೆ ಹುಲ್ಲಿನ ಮೇಲೆ ಎರಚಿ, ಬಿದ್ದ ಬಿದ್ದಲ್ಲೇ ನೆಟ್ಟರೆ ಸಹಜವಾಗಿ ಕಾಣುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಎರಚಿದೆ. ಮುಕ್ಕಾಲು ಪಾಲು ಉರುಳಿಹೋಗಿ ಒಂದೇ ತಗ್ಗಿನಲ್ಲಿ ಸಭೆ ಸೇರಿದವು. ಸಹಜವೇನೋ ಹೌದು.

ಆಳ ಸ್ವಲ್ಪ ತಪ್ಪಿದರೂ ಗೆಡ್ಡೆಯೇ ಸರಿಮಾಡಿಕೊಳ್ಳುತ್ತದೆ ಎನ್ನುವುದು ನನ್ನಂಥವನಿಗೆ ದೊಡ್ಡ ಸಮಾಧಾನ. ಇದರ ಸಂಸಾರ ವಿಚಿತ್ರ. ಪ್ರತಿ ವರ್ಷ ಹಳೆಯ ಗೆಡ್ಡೆ ಸೊರಗಿ ಹೋಗುತ್ತದೆ, ಅದರ ನೆತ್ತಿಯ ಮೇಲೆ ಹೊಸದೊಂದು ಕೂರುತ್ತದೆ. ಹೀಗೆ ಒಂದರ ಮೇಲೊಂದು ಕೂರುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ಗೆಡ್ಡೆ ಮಣ್ಣಿನಿಂದ ಆಚೆ ಬಂದು ಬೀಳಬೇಕು. ಬೀಳುವುದಿಲ್ಲ. ಕುಗ್ಗುವ ಬೇರುಗಳೆಂಬ ದಪ್ಪ ಬೇರುಗಳಿವೆ. ಅವು ಕೆಳಗೆ ಮಣ್ಣನ್ನು ಗಟ್ಟಿಯಾಗಿ ಹಿಡಿದು ಮೈ ಸುಕ್ಕಿಸಿಕೊಂಡು, ಬಾವಿಗೆ ಕೊಡ ಇಳಿಸಿದ ಹಾಗೆ ಹೊಸ ಗೆಡ್ಡೆಯನ್ನು ಕೆಳಕ್ಕೆ ಜಗ್ಗುತ್ತವೆ.

ನಾನು ನೆಡುವುದನ್ನು ಬೇಲಿಯ ಮೇಲಿಂದ ಒಂದು ಅಳಿಲು ಮೊದಲಿಂದ ಕೊನೆವರೆಗೂ ನೋಡಿತು. ಮಾರನೆಯ ಬೆಳಿಗ್ಗೆ ಅರ್ಧ ಗುಂಡಿಗಳು ಖಾಲಿ. ಅಳಿಲು ಅಷ್ಟಾಗಿ ಮುಟ್ಟದ ಜಾತಿಯೊಂದಿದೆ, ತೆಳ್ಳನೆ ಎಸಳಿನ ತಿಳಿ ನೇರಳೆಯ ಟೊಮಾಸಿನಿಯಾನಸ್. ಟ್ರಿಯೆಸ್ಟ್ ನಗರದ ಮೇಯರ್ ಆಗಿದ್ದ ಸಸ್ಯಶಾಸ್ತ್ರಜ್ಞ ಮುಜಿಯೊ ಟೊಮಾಸಿನಿಯ ಹೆಸರು ಅದಕ್ಕೆ. ಅಳಿಲಿಗೂ ರುಚಿಸದ ಗೆಡ್ಡೆಯಲ್ಲಿ ಹೆಸರು ಉಳಿಯುವುದೂ ಒಂದು ಅದೃಷ್ಟ. ಎರಡನೆಯ ವರ್ಷ ಅದನ್ನೇ ನೆಟ್ಟೆ.

ಇಂಗ್ಲೆಂಡಿನ ಇ. ಎ. ಬೌಲ್ಸ್ (1865–1954) ಎಂಬ ತೋಟಗಾರ ಬದುಕಿನ ಬಹುಪಾಲು ಕ್ರೋಕಸ್ ಮುಂದೆ ಮಂಡಿಯೂರಿಯೇ ಕಳೆದವರು. ತಾವು ಬೆಳೆಸಿದ ಹೊಸ ಬಗೆಗಳಿಗೆ ಪುಟ್ಟ ಹಕ್ಕಿಗಳ ಹೆಸರಿಟ್ಟರು. ಅವರ ಬಿಳಿಯ 'ಸ್ನೋ ಬಂಟಿಂಗ್' ಇಂದಿಗೂ ಸಿಗುತ್ತದೆ. ಹಕ್ಕಿಗಳಿಗೆ ಈ ಉಪಕಾರದ ನೆನಪಿಲ್ಲ. ಹಳದಿ ಕ್ರೋಕಸ್ ಕಂಡರೆ ಗುಬ್ಬಿಗಳಿಗೆ ಅದೇನು ಕೋಪವೋ, ಎಸಳೆಸಳಾಗಿ ಕಿತ್ತು ಹರಡಿ ಹೋಗುತ್ತವೆ. ತಿನ್ನುವುದಾದರೂ ಪೂರ್ತಿ ತಿಂದರೆ ಹಸಿವೆಂದು ಕ್ಷಮಿಸಬಹುದಿತ್ತು.

ಅಳಿಲು, ಗುಬ್ಬಿಗಳನ್ನು ದಾಟಿ ಹೂವು ಬಂತು ಎಂದಿಟ್ಟುಕೊಳ್ಳಿ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಅದು ಮುಚ್ಚಿಕೊಂಡಿರುತ್ತದೆ. ಸಂಜೆ ಬರುವಾಗಲೂ ಮುಚ್ಚಿಕೊಂಡಿರುತ್ತದೆ. ಭಾನುವಾರ ಮೋಡ. ನಡುವೆ, ಯಾವುದೋ ಬುಧವಾರ ಮಧ್ಯಾಹ್ನದ ಬಿಸಿಲಲ್ಲಿ ಅರಳಿ, ಜೇನುಹುಳುಗಳನ್ನು ಕರೆದು, ಉಪಚರಿಸಿ, ಕಳಿಸಿ, ಮತ್ತೆ ಬಾಗಿಲು ಹಾಕಿಕೊಂಡಿದೆ ಎಂದು ಹೆಂಡತಿಯ ಬಾಯಿಂದ ಕೇಳುವ ಭಾಗ್ಯ ನನ್ನದು. "ಎಷ್ಟು ಚೆನ್ನಾಗಿ ಬಿಟ್ಟಿತ್ತು ಗೊತ್ತಾ? ನೀವಿರಬೇಕಿತ್ತು," ಎನ್ನುತ್ತಾಳೆ. ಹಾಗೆ ಹೇಳುವಾಗ ಅವಳ ದನಿಯಲ್ಲಿ ಸಣ್ಣ ಸಂತೋಷವಿರುತ್ತದೆ.

ಒಂದು ವರ್ಷ ಛಲ ಬಂದು ಕುಂಡದಲ್ಲಿದ್ದ ಮೊಗ್ಗುಗಳನ್ನು ರಾತ್ರಿ ಒಳಗೆ ತಂದು ಮೇಜಿನ ಮೇಲಿಟ್ಟೆ. ಕೋಣೆಯ ಬೆಚ್ಚಗೆ ತಾಗಿದ್ದೇ ತಡ, ನಾನು ಕನ್ನಡಕ ಹುಡುಕಿ ತರುವಷ್ಟರಲ್ಲಿ ಎಸಳುಗಳು ಸಡಿಲಾಗಿದ್ದವು. ಬಿಸಿಗೆ ಎಸಳಿನ ಒಳಮೈ ಬೇಗ ಬೆಳೆಯುತ್ತದೆ, ಹೂವು ಹೊರಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಚಳಿಗೆ ಹೊರಮೈ ಬೆಳೆಯುತ್ತದೆ, ಮುಚ್ಚಿಕೊಳ್ಳುತ್ತದೆ. ಒಂದು ಡಿಗ್ರಿಗಿಂತ ಕಡಿಮೆ ಏರುಪೇರೂ ಇದಕ್ಕೆ ಗೊತ್ತಾಗುತ್ತದೆ. ಇದನ್ನು ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್‌ಹೆಲ್ಮ್ ಫೆಫರ್ 19ನೇ ಶತಮಾನದಲ್ಲೇ ಅಳೆದು ನೋಡಿದ್ದರು. ನನಗೆ ಹಿಡಿಸಿದ್ದು ಅಳತೆಯಲ್ಲ. ಇಲ್ಲಿ ಬಾಗಿಲಿನಂತೆ ತಿರುಗಣೆ ಇಲ್ಲ, ಬೆಳೆದೇ ತೆರೆಯಬೇಕು, ಬೆಳೆದೇ ಮುಚ್ಚಬೇಕು. ಹಾಗಾಗಿ ಪ್ರತಿ ಸಲ ತೆರೆದು ಮುಚ್ಚುವಾಗಲೂ ಎಸಳು ಒಂದಿಷ್ಟು ಉದ್ದವಾಗಿರುತ್ತದೆ. ಮೊದಲ ದಿನದ ಹೂವಿನ ಪಕ್ಕ ನಾಲ್ಕನೆಯ ದಿನದ್ದನ್ನಿಟ್ಟು ನೋಡಿದರೆ ತಿಳಿಯುತ್ತದೆ.

ಆ ರಾತ್ರಿ ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಮೂರು ಕೇಸರಗಳು, ಅಂದರೆ ಪರಾಗ ಹೊತ್ತ ಗಂಡು ಕಡ್ಡಿಗಳು. ಎಣಿಸುವುದು ಒಳ್ಳೆಯದು. ಇದರಂತೆಯೇ ಕಾಣುವ, ಶರತ್ಕಾಲದಲ್ಲಿ ಅರಳುವ ಕೋಲ್ಚಿಕಮ್ ಎಂಬ ಹೂವಿಗೆ ಆರಿರುತ್ತವೆ, ಅದು ವಿಷದ ಗಿಡ. ನಡುವೆ ಕಿತ್ತಳೆ ಬಣ್ಣದ ಶಲಾಕೆ, ಹೂವಿನ ಹೆಣ್ಣು ಕಡ್ಡಿ. ಅದನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಕೇಸರಿ ಬರುತ್ತಾ?" ಬರುವುದಿಲ್ಲ. ಕೇಸರಿ ಇದರ ದಾಯಾದಿ, ಅರಳುವುದು ಶರತ್ಕಾಲದಲ್ಲಿ. ಸಂಸ್ಕೃತದಲ್ಲಿ ಅದಕ್ಕೆ ಕುಂಕುಮವೆಂದೇ ಹೆಸರು. ಕ್ರೋಕಸ್ ಎನ್ನುವುದೂ ಗ್ರೀಕರು ಕೇಸರಿಯನ್ನು ಕರೆಯುತ್ತಿದ್ದ ಹೆಸರೇ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಸಸ್ಯಗಳಿಗೆಲ್ಲ ಹೆಸರು ಹಂಚುವಾಗ ನನ್ನ ಹಿತ್ತಿಲ ವಸಂತದ ಹೂವನ್ನೂ ಕೇಸರಿಯ ಒಂದು ಬಗೆ ಎಂದೇ ಬರೆದುಬಿಟ್ಟ. ಈಗ ಇನ್ನೂರಕ್ಕೂ ಹೆಚ್ಚು ಜಾತಿಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದಾರೆ. ಆದರೂ ನೆರೆಹೊರೆಯವರು ಲಿನ್ನೇಯಸ್‌ನ ಕಡೆಗೇ. ಅವರಿಗೆ ನಾನು ಹೇಳದೆ ಉಳಿಸಿಕೊಂಡ ಮಾತೊಂದಿದೆ. ಆ ಬೆಲೆಬಾಳುವ ಕೇಸರಿಗೆ ಬೀಜ ಕಟ್ಟುವ ಯೋಗವಿಲ್ಲ, ಮನುಷ್ಯ ಗೆಡ್ಡೆ ಕಿತ್ತು ನೆಟ್ಟರಷ್ಟೇ ಅದರ ವಂಶ. ನನ್ನ ಈ ಬಡ ದಾಯಾದಿಗೆ ಇರುವೆ ಸಾಕು.

ಜರ್ಮನಿಯ ಹೂಸುಮ್ ಪಟ್ಟಣದಲ್ಲಿ ಅರಮನೆಯ ತೋಟದ ತುಂಬ ಲಕ್ಷಗಟ್ಟಲೆ ಕ್ರೋಕಸ್ ಅರಳಿ ನೆಲ ನೇರಳೆಯಾಗುತ್ತದೆ, ಜನ ಜಾತ್ರೆಯಂತೆ ಸೇರುತ್ತಾರೆ. ಚಿತ್ರ ನೋಡಿದ್ದೇನೆ, ಸೊಗಸಾಗಿದೆ. ಆದರೆ ಅಲ್ಲಿ ಯಾರೂ ಬೋರಲು ಮಲಗಿದ್ದು ಕಾಣಲಿಲ್ಲ. ಅಷ್ಟೊಂದಿದ್ದರೆ ನಿಂತೇ ನೋಡಬಹುದೇನೋ.

ಹೂವು ಹೋದ ಮೇಲೆ ಉಳಿಯುವುದು ಎಲೆ, ನಡುವೆ ಬೆಳ್ಳಿ ಗೆರೆ ಎಳೆದ ಹುಲ್ಲಿನಂಥ ಎಲೆ. ಅದು ತಾನಾಗಿ ಹಳದಿಯಾಗುವವರೆಗೆ, ಅಂದರೆ ಸುಮಾರು ಆರು ವಾರ, ಹುಲ್ಲು ಕತ್ತರಿಸುವಂತಿಲ್ಲ. ಮುಂದಿನ ವರ್ಷದ ಗೆಡ್ಡೆ ತುಂಬಿಕೊಳ್ಳುವುದು ಆಗಲೇ. ನಮ್ಮ ಮನೆಯ ಜಗಳದ ಋತುವೂ ಅದೇ. "ತಲೆ ಬಾಚದ ಮನೆ ಥರ ಕಾಣ್ತಿದೆ ನೋಡಿ," ಎಂದು ಅವಳು, "ಇನ್ನೊಂದು ವಾರ" ಎಂದು ನಾನು. ಆರು ವಾರವೂ ಇದೇ ಇನ್ನೊಂದು ವಾರ.

ಈ ಸಲ ದಾರಿಯಂಚಿನ ಕಲ್ಲುಗಳ ಸಂದಿಯಲ್ಲಿ, ನಾನೆಂದೂ ನೆಡದ ಕಡೆ, ದಾರದೆಳೆಯಂಥ ಮೂರು ಎಲೆಗಳು ಎದ್ದಿವೆ. ಬಗ್ಗಿ ನೋಡಿದೆ, ಬೆಳ್ಳಿ ಗೆರೆ ಇದೆ. ಇರುವೆಗಳು ಎಂದೋ ಹೊತ್ತೊಯ್ದ ಬೀಜ ಇರಬೇಕು. "ಯಾವಾಗ ಹೂ ಬಿಡುತ್ತೆ?" ಎಂದಳು. ಮೂರು ವರ್ಷವಾಗಬಹುದು, ನಾಲ್ಕೂ ಆಗಬಹುದು ಎಂದೆ. ಯಾರೂ ತುಳಿಯದಿರಲೆಂದು ಸುತ್ತ ನಾಲ್ಕು ಕಡ್ಡಿ ನೆಟ್ಟಿದ್ದೇನೆ. ನಿನ್ನೆ ಸಂಜೆ ಅಳಿಲು ಬೇಲಿಯಿಂದ ಇಳಿದು ಬಂದು, ನಾಲ್ಕೂ ಕಡ್ಡಿಗಳನ್ನು ಒಂದೊಂದಾಗಿ ಮೂಸಿ ನೋಡಿ ಹೋಯಿತು.