ಸತ್ಯಾಂಶ: ಸುಮೇರಿಯನ್ ಮುದ್ರೆಯಲ್ಲಿ ಸೌರಮಂಡಲವಿದೆಯೇ?

ಅನ್ಯಗ್ರಹದವರಿಂದ ಕಲಿತ ಸುಮೇರಿಯನ್ನರು (ಇಂದಿನ ದಕ್ಷಿಣ ಇರಾಕ್ ಪ್ರದೇಶದ ಪ್ರಾಚೀನ ಜನ) ನಿಬಿರು ಎಂಬ ಗುಪ್ತ ಗ್ರಹ ಸೇರಿದಂತೆ ಇಡೀ ಸೌರಮಂಡಲವನ್ನು ಮುದ್ರೆಯೊಂದರಲ್ಲಿ ಕೆತ್ತಿದ್ದರು ಎಂಬ ಸಂದೇಶ ಆಗಾಗ ಬರುತ್ತಿರುತ್ತದೆ. ಮುದ್ರೆ ನಿಜ, ಹೇಳಿರುವ ಅರ್ಥ ತಪ್ಪು.

ಅದು ಬರ್ಲಿನ್‌ನಲ್ಲಿರುವ, ವಿಎ 243 ಸಂಖ್ಯೆಯ ಉರುಳೆ ಮುದ್ರೆ (ಹಸಿ ಮಣ್ಣಿನ ಮೇಲೆ ಉರುಳಿಸಿ ಅಚ್ಚೊತ್ತುವಂಥದ್ದು), ಸುಮಾರು ಕ್ರಿ.ಪೂ. 2300ರ ಅಕ್ಕಾಡಿಯನ್ ಕಾಲದ್ದು, ಅಂದರೆ ಸುಮೇರಿಯನ್ನರ ನಾಡನ್ನೂ ಆಳಿದ ಅಕ್ಕಾಡ್ ಸಾಮ್ರಾಜ್ಯದ ಕಾಲದ್ದು. ಕುಳಿತ ದೇವರ ಮುಂದೆ ಜನ ನಿಂತಿದ್ದಾರೆ. ಬರಹದಲ್ಲಿರುವುದು ವ್ಯಕ್ತಿಗಳ ಹೆಸರು ಮತ್ತು 'ಸೇವಕ' ಎಂಬ ಮಾತು; ಖಗೋಳದ ಸುದ್ದಿಯೇ ಇಲ್ಲ. 'ಸೂರ್ಯ' ಎನ್ನಲಾದ ಆಕೃತಿ ಆರು ಮೂಲೆಯ ನಕ್ಷತ್ರ. ಮೆಸೊಪೊಟೇಮಿಯದ (ಸುಮೇರ್, ಅಕ್ಕಾಡ್, ಬಾಬಿಲೋನಿಯಗಳಿದ್ದ ಪ್ರದೇಶ) ಸೂರ್ಯಚಿಹ್ನೆಯೋ ಸಾಮಾನ್ಯವಾಗಿ ವೃತ್ತದೊಳಗೆ ನಾಲ್ಕು ಮೂಲೆ, ನಡುನಡುವೆ ಅಲೆಯಂಥ ಕಿರಣಗಳು. ಸುತ್ತಲಿನ ಚುಕ್ಕೆಗಳು ನಕ್ಷತ್ರಗಳೆಂದೇ ವಿದ್ವಾಂಸರ ಓದು.

ನಿಬಿರು ಹೆಸರು ಬರುವುದು ನಂತರದ ಬಾಬಿಲೋನಿಯದ ಅಕ್ಕಾಡಿಯನ್ ಬರಹಗಳಲ್ಲಿ. ಅಲ್ಲಿ ಅದು ಮರ್ದುಕ್ ದೇವರ ನಕ್ಷತ್ರ, ಹೆಚ್ಚಾಗಿ ಗುರುಗ್ರಹ. ಬಾಬಿಲೋನಿಯದವರ ದಾಖಲೆಗಳಲ್ಲಿರುವ ಗ್ರಹಗಳು ಬರಿಗಣ್ಣಿಗೆ ಕಾಣುವ ಐದೇ. ಅಷ್ಟನ್ನೇ ತಾಳ್ಮೆಯಿಂದ ಶತಮಾನಗಳ ಕಾಲ ಗಮನಿಸಿ ಬರೆದಿಟ್ಟದ್ದು ಅಸಾಮಾನ್ಯ ಸಾಧನೆ.

ಪರೀಕ್ಷಿಸುವುದು ಕಷ್ಟವಲ್ಲ. ಮೊದಲು ಸಂಗ್ರಹಾಲಯದ ಸಂಖ್ಯೆ ಕೇಳಿ. ಅದನ್ನು ವಿಶ್ವವಿದ್ಯಾಲಯಗಳ ಉಚಿತ ಕ್ಯೂನಿಫಾರ್ಮ್ (ಮಣ್ಣಿನ ಫಲಕಗಳ ಮೇಲಿನ ಬೆಣೆಯಾಕಾರದ ಬರಹ) ಸಂಗ್ರಹಗಳಲ್ಲಿ ಹುಡುಕಿ ಕಾಲ, ಭಾಷೆ, ಅನುವಾದ ನೋಡಿ. ಸಂಖ್ಯೆಯೇ ಇಲ್ಲದೆ 'ಫಲಕಗಳಲ್ಲಿ ಬರೆದಿದೆ' ಎಂದಷ್ಟೇ ಇದ್ದರೆ, ಕಳುಹಿಸಿದವರನ್ನು ಯಾವ ಫಲಕ, ಎಷ್ಟನೇ ಸಾಲು ಎಂದು ವಿಚಾರಿಸಿ.