ಇಲ್ಲದ ಹುಡುಗಿಗೊಂದು ಬಾಲ್ಕನಿ

ಇಟಲಿಯ ವೆರೋನಾದಲ್ಲಿ ಒಂದು ಬಾಲ್ಕನಿ ಇದೆ. ಶೇಕ್ಸ್‌ಪಿಯರ್ ನಾಟಕದ ಜೂಲಿಯೆಟ್ ಅಲ್ಲೇ ನಿಂತಿದ್ದಳಂತೆ, ಅವಳ ಪ್ರೇಮಿ ರೋಮಿಯೋ ಕೆಳಗಿನಿಂದ ಮಾತಾಡಿಸಿದ್ದನಂತೆ. ಜೂಲಿಯೆಟ್ ಅನ್ನುವವಳು ಹುಟ್ಟೇ ಇರಲಿಲ್ಲ ಅಂತ ಊರಿನವರಿಗೂ ಗೊತ್ತು, ನೋಡಲು ಬರುವವರಿಗೂ ಗೊತ್ತು. ಆದರೂ ಆ ಪುಟ್ಟ ಅಂಗಳದ ನೂಕುನುಗ್ಗಲು ನಮ್ಮ ಕಡೆಯ ವೈಕುಂಠ ಏಕಾದಶಿಯ ಥರ.

ನಾವು ಒಂದು ಬಸ್ಸು ತುಂಬ ಕನ್ನಡಿಗರು ಪ್ಯಾಕೇಜ್ ಟೂರಿನಲ್ಲಿ ಹೋಗಿದ್ದೆವು. ಮೊದಲು ತೋರಿಸಿದ್ದು ಅರೀನಾ. ರೋಮನ್ನರು ಕ್ರಿ.ಶ. 1ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ಬಯಲು ರಂಗಮಂದಿರ. 1117ರ ಭೂಕಂಪದಲ್ಲಿ ಹೊರಗೋಡೆ ಹೆಚ್ಚುಕಮ್ಮಿ ಪೂರ್ತಿ ಬಿದ್ದುಹೋಯಿತು. ಒಳಗಿನದು ಗಟ್ಟಿಯಾಗಿದೆ, ಬೇಸಿಗೆಯಲ್ಲಿ ಈಗಲೂ ಒಪೆರಾ ನಡೆಯುತ್ತದೆ. ಎರಡು ಸಾವಿರ ವರ್ಷದ ಈ ಕಟ್ಟಡಕ್ಕೆ ಟೂರ್ ಮ್ಯಾನೇಜರ್ ಕೊಟ್ಟಿದ್ದು ಹತ್ತು ನಿಮಿಷ. ಇದಕ್ಕೆ ಫೋಟೋ ಸ್ಟಾಪ್ ಅನ್ನುತ್ತಾರೆ. ಇಳಿ, ಬೆನ್ನು ತಿರುಗಿಸಿ ನಿಲ್ಲು, ಹಲ್ಲು ಬಿಡು, ನಡಿ. ಜೂಲಿಯೆಟ್ ಮನೆಗೆ ಮಾತ್ರ ಒಂದೂವರೆ ಗಂಟೆ.

ಮನೆ ಹಳೆಯದೇ. ಒಂದು ಕಾಲದಲ್ಲಿ ಕಾಪ್ಪೆಲ್ಲೋ ಅನ್ನುವ ಮನೆತನದವರದ್ದು. ನಾಟಕದ ಹುಡುಗಿಯ ಮನೆತನ ಕ್ಯಾಪ್ಯುಲೆಟ್. ಕಾಪ್ಪೆಲ್ಲೋ, ಕ್ಯಾಪ್ಯುಲೆಟ್. ಅಷ್ಟೇ ಸಾಕಾಯಿತು. 1905ರಲ್ಲಿ ಊರಿನ ಆಡಳಿತ ಮನೆಯನ್ನು ಕೊಂಡಿತು. 1936ರಲ್ಲಿ ಹಾಲಿವುಡ್ ಈ ಕಥೆಯ ಮೇಲೆ ದೊಡ್ಡ ಸಿನಿಮಾ ಮಾಡಿತು. ನೋಡಿದವರು ಬಾಲ್ಕನಿ ಹುಡುಕಿಕೊಂಡು ಬಂದರೆ ಏನು ತೋರಿಸೋದು? ಊರಿನ ಮ್ಯೂಸಿಯಂ ನಿರ್ದೇಶಕ ಅಂತೋನಿಯೋ ಅವೇನಾ ಮನೆಯನ್ನು ದುರಸ್ತಿ ಮಾಡಿಸುವಾಗ ಹಳೆಯ ಕೆತ್ತನೆ ಕಲ್ಲುಗಳನ್ನು ತಂದು ಒಂದು ಬಾಲ್ಕನಿ ಕೂರಿಸಿಬಿಟ್ಟರು. ಅದು ಶವಪೆಟ್ಟಿಗೆಯ ಕಲ್ಲು ಅನ್ನುವವರೂ ಇದ್ದಾರೆ. ತಮಾಷೆ ಏನು ಗೊತ್ತಾ? ಶೇಕ್ಸ್‌ಪಿಯರ್ ನಾಟಕದಲ್ಲಿ ಬಾಲ್ಕನಿ ಅನ್ನುವ ಪದವೇ ಇಲ್ಲ. ಇರುವುದು ಕಿಟಕಿ.

ಟಿಕೆಟ್ ತೆಗೆದುಕೊಂಡರೆ ಬಾಲ್ಕನಿಯಲ್ಲಿ ನಿಲ್ಲಬಹುದು. ಹೆಂಡತಿ ಮೇಲೆ, ಗಂಡ ಕೆಳಗೆ. ಪ್ರೇಮ ಸಂಭಾಷಣೆ ನಾನೇ ಕಿವಿಯಾರೆ ಕೇಳಿದೆ.

"ರೀ, ಇನ್ನೂ ಹಿಂದೆ ಹೋಗಿ, ಪೂರ್ತಿ ಬಾಲ್ಕನಿ ಬರಬೇಕು."

"ಹಿಂದೆ ಜನ ಇದಾರೆ ಕಣೇ, ಎಲ್ಲಿ ಹೋಗ್ಲಿ?"

"ಒಂದ್ ಫೋಟೋ ನೆಟ್ಟಗೆ ತೆಗೆಯಕ್ಕೆ ಬರಲ್ವಲ್ಲ ನಿಮಗೆ!"

ರೋಮಿಯೋ ಪುಣ್ಯವಂತ, ಬೇಗ ಸತ್ತ.

ಕೆಳಗೆ ಅಂಗಳದಲ್ಲಿ ಜೂಲಿಯೆಟ್‌ಳ ಕಂಚಿನ ಪ್ರತಿಮೆ. ಅದರ ಬಲ ಎದೆ ಉಜ್ಜಿದರೆ ಪ್ರೀತಿಯಲ್ಲಿ ಅದೃಷ್ಟ ಅಂತೆ. ಅಜ್ಜಂದಿರು, ಕಾಲೇಜು ಹುಡುಗರು, ಮಗುವನ್ನು ಎತ್ತಿಕೊಂಡ ಅಪ್ಪಂದಿರು, ಎಲ್ಲರೂ ಸಾಲಾಗಿ ಬಂದು ಉಜ್ಜುತ್ತಾರೆ. ನಾಟಕದ ಪ್ರಕಾರ ಆ ಹುಡುಗಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಇದನ್ನು ಯಾರೂ ಅಲ್ಲಿ ಬೋರ್ಡು ಬರೆದು ಹಾಕಿಲ್ಲ. 1972ರಲ್ಲಿ ನಿಲ್ಲಿಸಿದ ಪ್ರತಿಮೆ ಸವೆದು ಬಿರುಕು ಬಿಟ್ಟಿತು. 2014ರಲ್ಲಿ ಅದನ್ನು ಒಳಗಿಟ್ಟು, ಹೊರಗೆ ನಕಲು ನಿಲ್ಲಿಸಿದರು. ಹತ್ತು ವರ್ಷಕ್ಕೆ ನಕಲಿನ ಎದೆಯೂ ತೂತು. ಆಗದೆ ಇನ್ನೇನು, ಈ ಪಾಟಿ ಉಜ್ಜಿದರೆ ನಮ್ಮನೆ ಇಡ್ಲಿ ಪಾತ್ರೆಯೂ ತೂತಾಗುತ್ತದೆ.

ಪ್ರೇಮಪತ್ರಗಳದ್ದು ಇನ್ನೊಂದು ಕಥೆ. ಬಾಯಲ್ಲಿ ಅಗಿದ ಚೂಯಿಂಗ್ ಗಮ್‌ನಿಂದ ಗೋಡೆಗೆ ಚೀಟಿ ಅಂಟಿಸುವ ಚಾಳಿ ಎಷ್ಟು ಜಾಸ್ತಿಯಾಯಿತೆಂದರೆ, 2012ರಲ್ಲಿ 500 ಯೂರೋವರೆಗೆ ದಂಡ ಅಂತ ಹೇಳಬೇಕಾಯಿತು. ಮರ್ಯಾದಸ್ಥರು ಅಂಚೆಯಲ್ಲಿ ಬರೆಯುತ್ತಾರೆ. "ಜೂಲಿಯೆಟ್, ವೆರೋನಾ" ಅಂತ ಬರೆದರೂ ಸಾಕು, ಕಾಗದ ತಲುಪುತ್ತದೆ. ಸ್ವಯಂಸೇವಕರು ಕೂತು ಉತ್ತರವನ್ನೂ ಬರೆಯುತ್ತಾರೆ. ಇಲ್ಲದ ಹುಡುಗಿಯಿಂದ ಉತ್ತರ ಬರುತ್ತದೆ. ಖಾತೆ ಬದಲಾವಣೆಗೆ ಅಂತ ಇರುವ ಕಚೇರಿಗೇ ನಾನು ಕೊಟ್ಟ ಮೂರು ಅರ್ಜಿಗೆ ಇವತ್ತಿಗೂ ಉತ್ತರವಿಲ್ಲ.

ಊರಿನಲ್ಲಿ ಜೂಲಿಯೆಟ್ ಸಮಾಧಿಯೂ ಇದೆ. ಕಲ್ಲಿನ ಪೆಟ್ಟಿಗೆ, ಒಳಗೆ ಖಾಲಿ. ಇಡೀ ಊರಿನಲ್ಲಿ ಅವಳ ಬಗ್ಗೆ ಸತ್ಯ ಹೇಳುವುದು ಅದೊಂದೇ.

ನಮ್ಮ ಗುಂಪಿನಲ್ಲಿ ಮೈಸೂರಿನ ಒಬ್ಬರು ಆಂಟಿ ಇದ್ದರು. ಅರ್ಧ ಗಂಟೆ ಕಾದು, ಮೂರು ಜನರನ್ನು ತಳ್ಳಿ, ಪ್ರತಿಮೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದರು. ಟೂರ್ ಮ್ಯಾನೇಜರ್ ಸುಮ್ನೆ ಇರಬೇಕಿತ್ತು. "ಆಂಟಿ, ಇದು ಕಾಪಿ. ಒರಿಜಿನಲ್ ಮನೆ ಒಳಗಿದೆ" ಅಂದುಬಿಟ್ಟ.

ಆಂಟಿ ಮುಖ ಕೆಂಪಾಯಿತು. "ಲಕ್ಷಗಟ್ಟಲೆ ದುಡ್ಡು ಸುರಿದು ಬಂದು ಡೂಪ್ಲಿಕೇಟ್ ಜೊತೆ ನಿಂತ್ನಲ್ಲಪ್ಪಾ! ಮೊದಲೇ ಹೇಳಬಾರದಾ? ಜನರಿಗೆ ಹೀಗಾ ಮೋಸ ಮಾಡೋದು?"

ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿ ಸೀದಾ ಟಿಕೆಟ್ ಕೌಂಟರ್ ಕಡೆ ನಡೆದರು. ಅವರ ಹಿಂದೆ ನಾನೂ ನಿಂತೆ. ಅಷ್ಟು ದೂರ ಹೋಗಿ ಒರಿಜಿನಲ್ ನೋಡದೆ ಬರಕ್ಕಾಗುತ್ತಾ?